ನಿಮಗಿದು ಗೊತ್ತೆ? ಬುತ್ತಿಯೊಡನೆ ಹುಟ್ಟುವ ಕೋಳಿಮರಿ

ಮೊಟ್ಟೆಯೊಡೆದು ಹೊರಬಂದ ಕೋಳಿಮರಿಯು ಅನ್ನೋದಕಗಳ ಸ್ಪರ್ಶವೇ ಇಲ್ಲದೆ ಸುಮಾರು 72 ಗಂಟೆಗಳವರೆಗೆ ಜೀವಿಸಬಲ್ಲದು! ಜನನಕ್ಕೆ ಮುನ್ನ ಮೊಟ್ಟೆಯ ಹಳದಿಯ ಶೇಷಭಾಗವನ್ನು ಅದು ತನ್ನ ಉದರದೊಳಕ್ಕೆ ಸೆಳೆದುಕೊಂಡಿರುವುದೇ ಇದಕ್ಕೆ ಕಾರಣ. ಈ ಬುತ್ತಿಯ ಬಲದಿಂದಲೇ, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಒಂದು ದಿನದ ಮರಿಗಳು, ಗಾಳಿಕಂಡಿಗಳುಳ್ಳ ರಟ್ಟಿನ ಪೆಟ್ಟಿಗೆಯ ಅಂಕಣಗಳಲ್ಲಿ ಒತ್ತೊತ್ತಾಗಿ ಕುಳಿತು, ಪರಸ್ಪರರ ಮೈಬಿಸಿಯನ್ನೇ ಆಶ್ರಯಿಸಿ, ದೂರದ ಊರುಗಳನ್ನು ಕ್ಷೇಮವಾಗಿ ಸೇರುತ್ತವೆ. ಅಮೆರಿಕದಲ್ಲಂತೂ 1918ರಿಂದಲೂ ಇಂಥ ಮರಿಗಳು ಅಂಚೆಯಲ್ಲಿಯೇ ಪ್ರಯಾಣ ಮಾಡುತ್ತಿವೆ.

ಆದರೆ ಹಸಿವನ್ನು ಸಹಿಸಬಲ್ಲ ಈ ಶಿಶುವು ಶೀತವನ್ನು ಮಾತ್ರ ಸಹಿಸಲಾರದು. ಮೊದಲ ವಾರದಲ್ಲಿ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ತಗ್ಗಿಸುತ್ತ ಬರಬಹುದು. ಆದುದರಿಂದ, ಡಿಸೆಂಬರ್–ಜನವರಿಯ ಮಂಜು ಕವಿದ ದಿನಗಳಲ್ಲಿ ಕೊಡಗಿನ ಚೆಟ್ಟಳ್ಳಿಯಂಥ ಊರಿಗೆ ಮರಿಗಳನ್ನು ತರಿಸುವವರು, ಪೆಟ್ಟಿಗೆಯು ಬಿಸಿಲಿರುವಾಗಲೇ ಕೈಸೇರುವಂತೆ ದಿನವನ್ನು ಗೊತ್ತುಮಾಡಿ, ಹಿಂದಿನ ರಾತ್ರಿಯೇ ಮರಿಗಳಿಗೆ ಕಾವು ಕೊಡುವ ಬ್ರೂಡರ್ ದೀಪವನ್ನು ಉರಿಸಿ, ಹೊಟ್ಟು ಹರಡಿದ ನೆಲವನ್ನು ಬೆಚ್ಚಗೆ ಮಾಡಿಟ್ಟಿರತಕ್ಕದ್ದು. ಅದು ಸಾಧ್ಯವಿಲ್ಲದಿದ್ದರೆ ಚಳಿ ಕಳೆಯುವವರೆಗೆ ಕಾಯುವುದೇ ಲೇಸು.