ಕೃಪೆ ಮೊದಲೋ, ಸತ್ಕ್ರಿಯೆ ಮೊದಲೋ?

ಕೃಪಾಂಕ ಎಂದರೆ ಏನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ತೇರ್ಗಡೆಗೆ ಮೂರೋ ನಾಲ್ಕೋ ಅಂಕ ಕಡಿಮೆ ಬಿದ್ದವನಿಗೆ ಅಷ್ಟನ್ನು ಕೂಡಿಸಿ ದಡ ಮುಟ್ಟಿಸುವುದು. ಆದರೆ ಒಂದು ಸಂಗತಿ ಗಮನಿಸಿ. ದಡದ ಹತ್ತಿರಕ್ಕೆ ಈಜಿ ಬಂದವನಿಗೆ ಮಾತ್ರ ಈ ಕೃಪೆ. ಖಾಲಿ ಉತ್ತರಪತ್ರಿಕೆ ಕೊಟ್ಟು ಬಂದವನಿಗೆ ಯಾರೂ ಕೃಪಾಂಕ ಕೊಡುವುದಿಲ್ಲ. ದೇವರ ಕೃಪೆಯೂ ಹೀಗೆಯೇ ಏನು? ಮನುಷ್ಯ ತನ್ನ ಕೈಲಾದಷ್ಟು ಒಳ್ಳೆಯದನ್ನು ಮಾಡಿದರೆ ಉಳಿದ ಕೊರತೆಯನ್ನು ದೇವರು ತುಂಬಿಕೊಡುತ್ತಾನೆಯೇ? ಅಥವಾ ಖಾಲಿ ಪತ್ರಿಕೆ ಕೊಟ್ಟವನನ್ನೂ ಆತ ತೇರ್ಗಡೆ ಮಾಡುತ್ತಾನೆಯೇ? ಹಾಗಾದರೆ ಕಷ್ಟಪಟ್ಟು ಓದುವವರು ಯಾರು?

16ನೆಯ ಶತಮಾನದಲ್ಲಿ ಪಶ್ಚಿಮ ಯೂರೋಪಿನ ಕ್ರೈಸ್ತ ಸಭೆ ಒಡೆದುಹೋದದ್ದಕ್ಕೆ ರಾಜರ ಪೈಪೋಟಿ, ಹಣ, ಮುದ್ರಣಯಂತ್ರ ಎಂದು ಹಲವು ಕಾರಣಗಳನ್ನು ನೀವು ಚರಿತ್ರೆಯ ಪಾಠದಲ್ಲಿ ಓದಿರುತ್ತೀರಿ. ಅವೆಲ್ಲ ನಿಜ. ಆದರೆ ಬಿರುಕಿನ ನಡುವೆ ಇದ್ದದ್ದು ಈ ಪ್ರಶ್ನೆ.

ಜರ್ಮನಿಯ ಪಂಡಿತ ಗೇಬ್ರಿಯಲ್ ಬೀಲ್ 1495ರಲ್ಲಿ ತೀರಿಕೊಂಡ. ಅವನ ಪುಸ್ತಕಗಳನ್ನು ಆ ಕಾಲದ ಪುರೋಹಿತ ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದುತ್ತಿದ್ದರು. ತನ್ನಲ್ಲಿರುವಷ್ಟನ್ನು ಮಾಡಿದವನಿಗೆ ದೇವರು ಕೃಪೆಯನ್ನು ನಿರಾಕರಿಸುವುದಿಲ್ಲ ಎಂಬುದು ಅವನ ಬೋಧನೆಯ ತಿರುಳು. ಕೇಳಲು ಎಷ್ಟು ಹಿತವಾಗಿದೆ! ಆದರೆ ಈ ಪುಸ್ತಕಗಳನ್ನು ಓದಿದವರಲ್ಲಿ ಒಬ್ಬ ಯುವಕನಿಗೆ ಅದೇ ಮಾತು ಕಂಟಕವಾಯಿತು. ಆತ ಮಾರ್ಟಿನ್ ಲೂಥರ್. 1505ರಲ್ಲಿ ಎರ್ಫರ್ಟ್ ಪಟ್ಟಣದ ಅಗಸ್ಟೀನ್ ಪಂಥದ ಮಠವನ್ನು ಸೇರಿದ ಆತ ಉಪವಾಸ ಮಾಡಿದ, ಜಾಗರಣೆ ಮಾಡಿದ, ಗಂಟೆಗಟ್ಟಲೆ ಪಾಪನಿವೇದನೆ ಮಾಡಿದ. ಆದರೂ ಒಂದು ಅನುಮಾನ ಬಿಡಲಿಲ್ಲ. ಕೈಲಾದಷ್ಟು ಮಾಡಬೇಕು, ಸರಿ. ನನ್ನ ಕೈಲಾದಷ್ಟನ್ನು ನಾನು ಮಾಡಿದ್ದೇನೆಂದು ತಿಳಿಯುವುದು ಹೇಗೆ? ಇನ್ನೂ ಒಂದು ಗಳಿಗೆ ಹೆಚ್ಚು ಪ್ರಾರ್ಥಿಸಬಹುದಿತ್ತಲ್ಲ? ಪರೀಕ್ಷೆ ಮುಗಿದ ರಾತ್ರಿ ನಿದ್ದೆ ಬಾರದ ವಿದ್ಯಾರ್ಥಿಗೆ ಈ ಸಂಕಟ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಫಲಿತಾಂಶ ಪ್ರಕಟವಾಗುವುದು ಸತ್ತ ಮೇಲೆ!

ಮುಂದೆ ವಿಟನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ ಬೈಬಲ್ ಪಾಠ ಹೇಳುವಾಗ, ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಆತನಿಗೆ ಉತ್ತರ ಕಂಡಿತು. ಅಲ್ಲಿ ಬರುವ ದೇವರ ನೀತಿ ಎಂಬ ಮಾತು ಮನುಷ್ಯನನ್ನು ಅಳೆದು ಶಿಕ್ಷಿಸುವ ನೀತಿಯಲ್ಲ, ದೇವರು ತಾನಾಗಿ ಕೊಡುವ ನೀತಿ. ಅದನ್ನು ನಂಬಿಕೆಯಿಂದ ಕೈಯೊಡ್ಡಿ ಪಡೆಯಬೇಕು, ಗಳಿಸಲಾಗದು ಎಂದು ಲೂಥರ್ ಅರ್ಥಮಾಡಿಕೊಂಡ. ಅಂದರೆ ಇದು ಕೃಪಾಂಕವಲ್ಲ. ಕೊರತೆ ತುಂಬುವ ಮೂರು ನಾಲ್ಕು ಅಂಕವಲ್ಲ, ಇಡೀ ನೂರೂ ದಾನವೇ.

ಈ ಹೊತ್ತಿಗೆ ಪಾಪ ವಿಮೋಚನಾ ಪತ್ರಗಳ ಮಾರಾಟ ಜೋರಾಗಿತ್ತು. ಪಠ್ಯಪುಸ್ತಕಗಳು ಇದನ್ನು ಪಾಪಕ್ಕೆ ಕ್ಷಮೆ ಮಾರುವುದು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಶಾಸ್ತ್ರದ ಪ್ರಕಾರ ಅದು ಕ್ಷಮೆಯಲ್ಲ. ಕ್ಷಮೆ ಸಿಕ್ಕಿದ ಮೇಲೂ ಉಳಿಯುವ ಶಿಕ್ಷೆಯ ರಿಯಾಯಿತಿ. ಆದರೆ ಸಂತೆಯಲ್ಲಿ ನಿಂತ ಬಡವನಿಗೆ ಈ ಸೂಕ್ಷ್ಮ ಎಲ್ಲಿ ತಿಳಿಯಬೇಕು? ಹಣದಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ, ಇನ್ನೊಂದು ಪಾಲು ಮೈಂಜಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಫುಗ್ಗರ್ ಸಾಹುಕಾರರಲ್ಲಿ ಮಾಡಿದ್ದ ಸಾಲಕ್ಕೆ ಹೋಗುತ್ತಿತ್ತು. ವಿಟನ್‌ಬರ್ಗಿನ ದೊರೆ ತನ್ನ ಸೀಮೆಯಲ್ಲಿ ಈ ಮಾರಾಟಕ್ಕೆ ಅವಕಾಶ ಕೊಟ್ಟಿರಲಿಲ್ಲ. ಜನ ಗಡಿ ದಾಟಿ ಹೋಗಿ ಕೊಂಡುಕೊಂಡು ಬಂದರು. 1517ರ ಅಕ್ಟೋಬರ್ 31ರಂದು ಲೂಥರ್ 95 ವಾದಸೂತ್ರಗಳನ್ನು ಆಲ್ಬ್ರೆಕ್ಟನಿಗೆ ಕಳಿಸಿದ. ಅವನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದನೇ ಇಲ್ಲವೇ ಎಂಬುದರಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ನಮ್ಮ ವಿಷಯಕ್ಕೆ ಅದು ಮುಖ್ಯವೂ ಅಲ್ಲ.

ಮುಖ್ಯವಾದದ್ದು 43 ಮತ್ತು 45ನೆಯ ಸೂತ್ರಗಳು. ಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು, ಅಗತ್ಯವಿದ್ದವನಿಗೆ ಸಾಲ ಕೊಡುವುದು ಮೇಲು ಎನ್ನುತ್ತದೆ ಮೊದಲನೆಯದು. ಕಷ್ಟದಲ್ಲಿರುವವನನ್ನು ಕಂಡೂ ದಾಟಿಹೋಗಿ ಪತ್ರಕ್ಕೆ ಹಣ ಸುರಿಯುವವನು ಕೊಳ್ಳುವುದು ವಿಮೋಚನೆಯನ್ನಲ್ಲ, ದೇವರ ಕೋಪವನ್ನು ಎನ್ನುತ್ತದೆ ಎರಡನೆಯದು. ಕೃಪೆಯನ್ನು ಎತ್ತಿಹಿಡಿದವನು ಸತ್ಕ್ರಿಯೆಯನ್ನು ತಳ್ಳಿಹಾಕಿದ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. 1520ರಲ್ಲಿ ಆತ ಸತ್ಕ್ರಿಯೆಗಳ ಬಗ್ಗೆಯೇ ಒಂದು ಗ್ರಂಥ ಬರೆದ. ಹಣ್ಣು ಮರವನ್ನು ಒಳ್ಳೆಯದಾಗಿ ಮಾಡುವುದಿಲ್ಲ, ಒಳ್ಳೆಯ ಮರ ಒಳ್ಳೆಯ ಹಣ್ಣು ಬಿಡುತ್ತದೆ ಎಂಬುದು ಆತನ ವಾದ. ದೇವರಿಗೆ ನನ್ನ ಪುಣ್ಯದ ಅಗತ್ಯವಿಲ್ಲ, ನೆರೆಯವನಿಗೆ ನನ್ನ ಸಹಾಯದ ಅಗತ್ಯವಿದೆ. ಹಾಗಾಗಿ ಸತ್ಕ್ರಿಯೆಯ ವಿಳಾಸವೇ ಬದಲಾಯಿತು ಎನ್ನಬಹುದು. 1523ರಲ್ಲಿ ಲೈಸ್ನಿಗ್ ಎಂಬ ಸಣ್ಣ ಊರಿನವರು ಚರ್ಚಿನ ಆದಾಯವನ್ನು ಸಾರ್ವಜನಿಕ ಹಣದ ಪೆಟ್ಟಿಗೆಯೊಂದಕ್ಕೆ ಹಾಕಿ, ಅದರಿಂದ ಬಡವರು, ಅನಾಥರು, ಮುದುಕರಿಗೆ ನೆರವು ಕೊಡುವ ಕಟ್ಟಳೆ ಮಾಡಿಕೊಂಡಾಗ ಅದಕ್ಕೆ ಮುನ್ನುಡಿ ಬರೆದವನು ಲೂಥರನೇ.

ಬೈಬಲ್ಲಿನಲ್ಲೇ ಎರಡು ದನಿಗಳಿವೆಯಲ್ಲ ಎಂದು ನೀವು ಕೇಳಬಹುದು. ಇವೆ. ಪೌಲನೂ ಯಾಕೋಬನೂ ಒಬ್ಬನೇ ಅಬ್ರಹಾಮನನ್ನು ಸಾಕ್ಷಿಗೆ ಕರೆಯುತ್ತಾರೆ. ಅಬ್ರಹಾಮ ದೇವರ ಮಾತನ್ನು ನಂಬಿದ, ಅದೇ ನೀತಿಯೆಂದು ಎಣಿಸಲಾಯಿತು ಎಂದು ಪೌಲ ಹೇಳಿದರೆ, ಮಗನನ್ನೇ ಅರ್ಪಿಸಲು ಹೊರಟದ್ದರಿಂದ ಆ ನಂಬಿಕೆ ಪೂರ್ಣವಾಯಿತು ಎಂದು ಯಾಕೋಬ ಹೇಳುತ್ತಾನೆ. ಉಡಲು ಬಟ್ಟೆಯಿಲ್ಲದೆ, ಉಣ್ಣಲು ಅನ್ನವಿಲ್ಲದೆ ನಿಂತವನಿಗೆ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದು ಬರಿಮಾತು ಹೇಳಿ ಕಳಿಸಿದರೆ ಏನು ಬಂತು ಎಂಬ ಆತನ ಪ್ರಶ್ನೆಗೆ ಇಂದಿಗೂ ಮೊನಚು ಹೋಗಿಲ್ಲ. ನಂಬಿಕೆ ಮಾತ್ರ ಎಂಬ ನುಡಿ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಡೆ, ಅದೂ ಯಾಕೋಬನ ಪತ್ರದಲ್ಲಿ, ಅದೂ ಅದನ್ನು ಅಲ್ಲಗಳೆಯುವುದಕ್ಕೆ! ರೋಮಾಪುರದವರ ಪತ್ರದ ಜರ್ಮನ್ ಅನುವಾದದಲ್ಲಿ ಮಾತ್ರ ಎಂಬ ಪದವನ್ನು ತಾನೇ ಸೇರಿಸಿದ ಲೂಥರನಿಗೆ ಇದು ಇರುಸುಮುರುಸಾಗಿದ್ದರೆ ಆಶ್ಚರ್ಯವಿಲ್ಲ. 1522ರಲ್ಲಿ ಆತ ಯಾಕೋಬನ ಪತ್ರವನ್ನು ಒಣಹುಲ್ಲಿಗೆ ಹೋಲಿಸಿದ. ಆದರೂ ಬೈಬಲ್ಲಿನಿಂದ ಕಿತ್ತುಹಾಕಲಿಲ್ಲ. ನನಗೆ ಕಾಣುವಂತೆ ಪೌಲ ಮಾತನಾಡುತ್ತಿರುವುದು ತನ್ನ ಪುಣ್ಯದ ಲೆಕ್ಕ ಇಡುವವನ ಜೊತೆ, ಯಾಕೋಬ ಮಾತನಾಡುತ್ತಿರುವುದು ಕೈಕಟ್ಟಿ ಕುಳಿತವನ ಜೊತೆ. ರೋಗ ಬೇರೆ, ಮದ್ದೂ ಬೇರೆ.

ಕ್ಯಾಥೊಲಿಕ್ ಸಭೆ ತನ್ನ ಉತ್ತರವನ್ನು ಟ್ರೆಂಟ್ ಮಹಾಸಭೆಯಲ್ಲಿ 1547ರ ಜನವರಿ 13ರಂದು ಕೊಟ್ಟಿತು. ಅದರ ಮೊದಲ ನಿಯಮವನ್ನು ಓದಿದವರು ಬೆರಗಾಗುತ್ತಾರೆ. ಕೃಪೆಯಿಲ್ಲದೆ ತನ್ನ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಎನ್ನುವವನನ್ನು ಆ ನಿಯಮ ಬಹಿಷ್ಕರಿಸುತ್ತದೆ. ಅಂದರೆ ಕೃಪೆ ಮೊದಲು ಎಂಬುದರಲ್ಲಿ ಜಗಳವೇ ಇರಲಿಲ್ಲ! ಜಗಳ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಕೃಪೆ ಎಚ್ಚರಿಸಿದ ಮನುಷ್ಯ ಅದಕ್ಕೆ ಒಪ್ಪಿ ಸಹಕರಿಸುತ್ತಾನೆ, ಅವನ ಸತ್ಕ್ರಿಯೆಗಳಿಂದ ಆ ನೀತಿ ಬೆಳೆಯುತ್ತದೆ ಎಂದಿತು ಟ್ರೆಂಟ್. ಸಹಕಾರ ಎಂದೊಡನೆ ಹಳೆಯ ಲೆಕ್ಕದ ಪುಸ್ತಕ ಮತ್ತೆ ತೆರೆಯುತ್ತದೆ ಎಂಬ ಭಯ ಲೂಥರನ ಅನುಯಾಯಿಗಳದ್ದು.

ಮೇಲುಕೋಟೆಯ ಕಡೆಯವರಿಗೆ ಇಲ್ಲಿ ಶ್ರೀವೈಷ್ಣವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ನೆನಪಾಗದೆ ಇರದು. ಕೋತಿಮರಿ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೊ ಭಾರತದ ಕೃಪಾಧರ್ಮವನ್ನೂ ಕ್ರೈಸ್ತಧರ್ಮವನ್ನೂ ಹೋಲಿಸಿ ಬರೆದ ಗ್ರಂಥ 1930ರಲ್ಲಿ ಪ್ರಕಟವಾಯಿತು. ಹೋಲಿಕೆ ದಾರಿ ತೋರಿಸುತ್ತದೆ, ಆದರೆ ಪೂರ್ತಿ ಹೊಂದುವುದಿಲ್ಲ. ಟ್ರೆಂಟಿನ ಮಾತಿನಲ್ಲಿ ಕೋತಿಮರಿಗೆ ಹಿಡಿಯುವ ಶಕ್ತಿಯೂ ತಾಯಿಯಿಂದಲೇ ಬಂದದ್ದು.

ಬೆಕ್ಕಿನ ಮರಿಯ ದಾರಿಗೂ ಅಪಾಯವಿದೆ. ಅದನ್ನು ಕಟುವಾಗಿ ಹೇಳಿದವನು ಲೂಥರನ ಸಭೆಯವನೇ ಆದ ಡೀಟ್ರಿಕ್ ಬಾನ್‌ಹಾಫರ್. ಹಿಟ್ಲರನ ಆಳ್ವಿಕೆಯಲ್ಲಿ ಎಷ್ಟೋ ಚರ್ಚುಗಳು ಕ್ಷಮೆಯ ಸಂದೇಶ ಸಾರುತ್ತಲೇ ಅನ್ಯಾಯದ ಎದುರು ಬಾಯಿ ಮುಚ್ಚಿಕೊಂಡಿದ್ದವು. ಬದುಕನ್ನು ಬದಲಿಸದ ಈ ಕ್ಷಮೆಯನ್ನು ಆತ 1937ರ ತನ್ನ ಪುಸ್ತಕದಲ್ಲಿ ಅಗ್ಗದ ಕೃಪೆ ಎಂದು ಕರೆದ. ಕೃಪೆ ಉಚಿತ, ಆದರೆ ಅಗ್ಗವಲ್ಲ ಎಂಬುದು ಅವನ ನಿಲುವು. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಪಾಲ್ಗೊಂಡ ಆತನನ್ನು 1945ರ ಏಪ್ರಿಲ್ 9ರಂದು ಫ್ಲಾಸನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಆಗ ವಯಸ್ಸು 39.

1999ರ ಅಕ್ಟೋಬರ್ 31ರಂದು, ಲೂಥರ್ 95 ಸೂತ್ರಗಳನ್ನು ಕಳಿಸಿದ 482 ವರ್ಷಗಳ ನಂತರ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗೆ ಕರೆಯುತ್ತದೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಟೆಸ್ಟಂಟ್ ಪಂಡಿತರು ಇದನ್ನು ವಿರೋಧಿಸಿದ್ದರು ಎಂಬುದನ್ನೂ ಹೇಳಬೇಕು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ವಿಟನ್‌ಬರ್ಗಿನಲ್ಲೇ ರಿಫಾರ್ಮ್ಡ್ ಸಭೆಗಳು ಇದಕ್ಕೆ ಸೇರಿಕೊಂಡವು. ಇಷ್ಟಾದರೂ ಕ್ಯಾಥೊಲಿಕರೂ ಲೂಥರನ್ನರೂ ಒಂದೇ ಪೀಠದಲ್ಲಿ ಪ್ರಭುಭೋಜನ ಸ್ವೀಕರಿಸುವುದಕ್ಕೆ ಅವರ ಸಭೆಗಳ ನಡುವೆ ಒಪ್ಪಂದವಾಗಿಲ್ಲ. ಪುರೋಹಿತನ ಅಧಿಕಾರ ಯಾವುದು, ಸಭೆ ಎಂದರೆ ಯಾವುದು ಎಂಬ ಪ್ರಶ್ನೆಗಳ ಮೇಲೆ ಮಾತುಕತೆ ನಡೆಯುತ್ತಲೇ ಇದೆ.