ಬೇಸರವಿಲ್ಲದ ಮೇಷ್ಟ್ರು



ನಿಮ್ಮಲ್ಲಿ ಕೆಲವರ ಅಜ್ಜಂದಿರು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರಿರಬಹುದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ತೂಕಡಿಸುತ್ತಲೇ ಲೆಕ್ಕ ಬಿಡಿಸಿದ ಹುಡುಗರು ಅವರು. ಅರ್ಥವಾಗದಿದ್ದರೆ ಮತ್ತೆ ಕೇಳಲು ಸಂಕೋಚ, ಮನೆಪಾಠಕ್ಕೆ ದುಡ್ಡಿಲ್ಲ. ಇಂದು ನಿಮ್ಮ ಮೊಬೈಲಿನೊಳಗೇ ಒಬ್ಬ ಮೇಷ್ಟ್ರು ಕುಳಿತಿದ್ದಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಕೃತಕ ಬುದ್ಧಿಮತ್ತೆ ಎಂಬ ಈ ಮೇಷ್ಟ್ರ ಪರಿಚಯ ನನಗಿಂತ ನಿಮಗೇ ಹೆಚ್ಚು.

ನಮ್ಮ ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗಿ ಸಂಜೆ ನನ್ನ ಬಳಿ ಇಂಗ್ಲಿಷ್ ವ್ಯಾಕರಣ ಕಲಿಯಲು ಬರುತ್ತಾಳೆ. (ನನ್ನ ಬಿ.ಎ. ಈಗ ಉಪಯೋಗಕ್ಕೆ ಬರುತ್ತಿರುವುದು ಇಷ್ಟಕ್ಕೇ!) ಗಣಿತ ನನ್ನಿಂದಾಗದು. ಒಂದು ದಿನ ಅವಳು ಬೀಜಗಣಿತದ ಒಂದೇ ಸಂದೇಹವನ್ನು ಯಂತ್ರದ ಬಳಿ ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಅದು ಬೇರೆ ಬೇರೆ ರೀತಿಯಲ್ಲಿ ವಿವರಿಸಿತು. ನಾನಾಗಿದ್ದರೆ ಎರಡನೆಯ ಸಲಕ್ಕೇ ತಲೆಗೆ ಮೊಟಕುತ್ತಿದ್ದೆ. ಒಬ್ಬರಿಗೊಬ್ಬರು ಮೇಷ್ಟ್ರಿದ್ದರೆ ಸಾಧಾರಣ ವಿದ್ಯಾರ್ಥಿಯೂ ಬಹಳ ಮುಂದೆ ಹೋಗಬಲ್ಲನೆಂದು ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲೇ ಬರೆದಿದ್ದರು. ಅವರು ಹೇಳಿದಷ್ಟು ದೊಡ್ಡ ಅಂತರ ಮುಂದಿನ ಅಧ್ಯಯನಗಳಲ್ಲಿ ಕಾಣಲಿಲ್ಲವಾದರೂ, ಲಾಭವಂತೂ ಇದ್ದೇ ಇತ್ತು. ಅಲ್ಲಿ ಕಲಿಸಿದವರು ಮನುಷ್ಯರು ಎಂಬುದನ್ನು ಮಾತ್ರ ಮರೆಯಬೇಡಿ.

ಅದೇ ಹುಡುಗಿ ಸಂಘದ ಸ್ಪರ್ಧೆಗೆಂದು 'ನನ್ನ ಅಜ್ಜಿ' ಎಂಬ ಪ್ರಬಂಧ ತಂದು ತೋರಿಸಿದಳು. ಒಂದು ಕಾಗುಣಿತ ತಪ್ಪಿಲ್ಲ! ಅಜ್ಜಿ ಹೋಳಿಗೆ ಮಾಡುತ್ತಾಳಂತೆ, ಬೆಳದಿಂಗಳಲ್ಲಿ ರಾಮಾಯಣದ ಕಥೆ ಹೇಳುತ್ತಾಳಂತೆ. ಅವಳ ಅಜ್ಜಿಯನ್ನು ನಾನು ಬಲ್ಲೆ. ಕಾರ್ಕಳದ ಕಡೆ ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದಾಕೆ. ಕಥೆ ಹೇಳಲು ಆಕೆಗೆ ಪುರುಸೊತ್ತೆಲ್ಲಿತ್ತು?

"ಇದು ಯಾರ ಅಜ್ಜಿಯಮ್ಮಾ?" ಎಂದೆ. ಅವಳು ತಲೆ ತಗ್ಗಿಸಿದಳು. "ಆಂಟಿ, ನನಗೆ ಕನ್ನಡ ಬರೆಯೋದು ನಿಧಾನ," ಎಂದಳು.

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ತಾನು ಓದಿದ ರಾಶಿ ಬರಹಗಳ ಆಧಾರದ ಮೇಲೆ ಮುಂದೆ ಯಾವ ಪದ ಬರಬಹುದೆಂದು ಊಹಿಸುತ್ತ ಅದು ವಾಕ್ಯ ಕಟ್ಟುತ್ತದೆ. ಹಾಗಾಗಿ ಎಲ್ಲರ ಅಜ್ಜಿಯನ್ನೂ ಒಂದೇ ಅಜ್ಜಿ ಮಾಡಿಬಿಡುತ್ತದೆ. ಇಂಗ್ಲಿಷಿಗೆ ಹೋಲಿಸಿದರೆ ಅದಕ್ಕೆ ಸಿಕ್ಕಿರುವ ಕನ್ನಡ ಬರಹ ಬಹಳ ಕಡಿಮೆ. ತಪ್ಪನ್ನೂ ಧೈರ್ಯದಿಂದಲೇ ಹೇಳುತ್ತದೆ. ಆ ತಪ್ಪು ಹಿಡಿಯಲು ನಿಮಗೆ ಕನ್ನಡ ಗೊತ್ತಿರಬೇಕಲ್ಲ!

ಹಾಗೆಂದು ನಿಷೇಧಿಸುವುದೂ ಸುಲಭವಲ್ಲ. ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳು 2023ರ ಜನವರಿಯಲ್ಲಿ ಚಾಟ್‌ಜಿಪಿಟಿಯನ್ನು ತಡೆದು, ಮೇ ತಿಂಗಳಲ್ಲೇ ಆ ತಡೆಯನ್ನು ತೆಗೆದವು. ಅದೇ ವರ್ಷ ಖಾನ್ ಅಕಾಡೆಮಿ ತಂದ 'ಖಾನ್‌ಮಿಗೋ' ನನಗೆ ಹಿಡಿಸಿದ ದಾರಿ. ಅದು ನೇರ ಉತ್ತರ ಕೊಡುವ ಬದಲು ಪ್ರಶ್ನೆ ಕೇಳಿ ವಿದ್ಯಾರ್ಥಿಯಿಂದಲೇ ಉತ್ತರ ಹೊರಡಿಸಲು ನೋಡುತ್ತದೆ. ನಮ್ಮ ಹುಡುಗಿಗೂ ಹಾಗೇ ಹೇಳಿದೆ, "ಬರೆದುಕೊಡು ಅನ್ನಬೇಡ, ಅಜ್ಜಿಯ ಬಗ್ಗೆ ನನ್ನನ್ನು ಹತ್ತು ಪ್ರಶ್ನೆ ಕೇಳು ಅನ್ನು."

ಯಂತ್ರ ಕೇಳಿತು. ಏಳಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಅಂದೇ ರಾತ್ರಿ ಕಾರ್ಕಳಕ್ಕೆ ಫೋನು ಮಾಡಿ ಮುಕ್ಕಾಲು ಗಂಟೆ ಮಾತನಾಡಿದಳಂತೆ. ಹೊಸ ಪ್ರಬಂಧ ಒಂದೂವರೆ ಪುಟವಿತ್ತು, ತುಂಬ ಕಾಗುಣಿತದ ತಪ್ಪುಗಳು. ಎಲೆ ಕತ್ತರಿಸಿ ಕತ್ತರಿಸಿ ಅಜ್ಜಿಯ ಹೆಬ್ಬೆರಳು ಒರಟಾದದ್ದನ್ನು ಮೊದಲ ಸಾಲಿನಲ್ಲೇ ಬರೆದಿದ್ದಳು. ಇಬ್ಬರೂ ಕೂತು ತಪ್ಪು ತಿದ್ದುವಷ್ಟರಲ್ಲಿ ನನ್ನ ಕುಕ್ಕರು ಐದು ಸೀಟಿ ಹೊಡೆದಿತ್ತು.