‘ನೋ ಸರ್ವಿಸ್’ ಫೋನಿಗೆ ಚಿಪ್ ಲೆವೆಲ್ ರಿಪೇರಿ

ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕ್ ಒಂದು ಕಾಲದಲ್ಲಿ ಕುದುರೆ ರೇಸಿನ ಮೈದಾನ. ಆ ಜಾಗದಲ್ಲಿ ಎದ್ದ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಇವತ್ತು ಪಾಕಿಸ್ತಾನ, ಅಫ್ಘಾನಿಸ್ತಾನ, ಭಾರತದಿಂದ ಬಂದ ಕುಟುಂಬಗಳು ತುಂಬಿವೆ. ಹೊಸದಾಗಿ ವಲಸೆ ಬಂದವರಿಗೆ ಫೋನೇ ಎಲ್ಲ. ಕೆಲಸದ ಕರೆ ಬರುವುದು ಅದಕ್ಕೆ, ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ. ಅಂಥ ಫೋನಿನಲ್ಲಿ ಒಂದು ಬೆಳಿಗ್ಗೆ ‘ನೋ ಸರ್ವಿಸ್’ ಎಂದು ಬಂದರೆ ಏನು ಮಾಡಬೇಕು?

ಮೊದಲು *#06# ಒತ್ತಿ ನೋಡಬೇಕು. ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಗಳ ಐಎಂಇಐ ಬಂದರೆ ಅರ್ಧ ಆತಂಕ ಕಳೆಯಿತು. ದೋಷ ಸಿಮ್‌ನಲ್ಲೋ ಆಂಟೆನಾದಲ್ಲೋ ಇರಬಹುದು, ಅಥವಾ ಕಳವಾದ ಫೋನುಗಳ ಕಪ್ಪುಪಟ್ಟಿಯಲ್ಲಿ ಆ ಸಂಖ್ಯೆ ಸೇರಿರಬಹುದು. ಕೆನಡಾದಲ್ಲಿ ಇಂಥ ರಾಷ್ಟ್ರೀಯ ಪಟ್ಟಿ 2013ರಿಂದ ಇದೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಹಣ ಕೊಡುವ ಮೊದಲೇ ಅದರಲ್ಲಿ ಪರೀಕ್ಷಿಸಿಕೊಳ್ಳಬೇಕು. ಸಂಖ್ಯೆಯೇ ಕಾಣದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಮೋಡೆಮ್ ಫರ್ಮ್‌ವೇರ್‌ನ ಜಾಗವೂ ಖಾಲಿ ಇದ್ದರೆ, ಟವರ್ ಜೊತೆ ಮಾತಾಡುವ ಬೇಸ್‌ಬ್ಯಾಂಡ್ ಭಾಗವೇ ಕೆಟ್ಟಿರುವ ಸಂಭವ ಹೆಚ್ಚು. ರೀಸೆಟ್ ಹೊಡೆದರೆ ಅದು ಸರಿಯಾಗುವುದಿಲ್ಲ. ಒಳಗಿನ ಫೋಟೊ, ನಂಬರುಗಳು ಮಾತ್ರ ಹೋಗುತ್ತವೆ.

ಐಫೋನ್ 7 ಇದಕ್ಕೆ ಪ್ರಸಿದ್ಧ ಉದಾಹರಣೆ. ಮದರ್‌ಬೋರ್ಡಿನ ಒಂದು ಬಿಡಿಭಾಗ ಕೆಟ್ಟು ಸಿಗ್ನಲ್ ಹೋಗುತ್ತಿದೆಯೆಂದು ಆಪಲ್ 2018ರ ಫೆಬ್ರವರಿಯಲ್ಲಿ ಒಪ್ಪಿಕೊಂಡು ಉಚಿತ ರಿಪೇರಿ ಘೋಷಿಸಿತು. ಆದರೆ ಉಚಿತ ರಿಪೇರಿಯ ಪಟ್ಟಿಯಲ್ಲಿದ್ದದ್ದು ಅಮೆರಿಕ, ಜಪಾನ್, ಚೀನಾ, ಹಾಂಗ್‌ಕಾಂಗ್, ಮಕಾವ್‌ಗಳಲ್ಲಿ ಮಾರಿದ ಮಾಡೆಲ್‌ಗಳು. ಕೆನಡಾದ ಹೆಸರಿರಲಿಲ್ಲ.

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಇಂಥ ದೋಷಕ್ಕೆ ಸಾಮಾನ್ಯವಾಗಿ ಬೋರ್ಡನ್ನೋ ಇಡೀ ಫೋನನ್ನೋ ಬದಲಿಸುತ್ತಾರೆ, ಹಳೆಯ ಡೇಟಾ ಕೈಗೆ ಬರುವುದಿಲ್ಲ. ಇನ್ನೊಂದು ದಾರಿ, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್, ನ್ಯಾಷನಲ್ ಮಾರ್ಕೆಟ್ ಬಲ್ಲವರಿಗೆ ಗೊತ್ತಿರುವ ಚಿಪ್ ಲೆವೆಲ್ ರಿಪೇರಿ. ಬೋರ್ಡನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಮಲ್ಟಿಮೀಟರಿನಲ್ಲಿ ಯಾವ ಲೈನಿಗೆ ಕರೆಂಟ್ ಬರುತ್ತಿಲ್ಲವೆಂದು ಹುಡುಕುತ್ತಾರೆ. ಫ್ಲಕ್ಸ್ ಹಾಕಿ, ಹಾಟ್ ಏರ್‌ನಲ್ಲಿ ಐಸಿಯನ್ನು, ಅಂದರೆ ಚಿಪ್ಪನ್ನು, ಎತ್ತುತ್ತಾರೆ. ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಕಡಿಮೆಯಾದರೆ ಐಸಿ ಏಳುವುದಿಲ್ಲ, ಹೆಚ್ಚಾದರೆ ಪಕ್ಕದ ಚಿಪ್ ಸಾಯುತ್ತದೆ. ಎತ್ತಿದ ಐಸಿಯ ತಳಕ್ಕೆ ಸ್ಟೆನ್ಸಿಲ್ ಇಟ್ಟು ಸಾಸಿವೆಗಿಂತಲೂ ಸಣ್ಣ ಬೆಸುಗೆ ಗುಂಡುಗಳನ್ನು ಮತ್ತೆ ಕೂರಿಸುವುದಕ್ಕೆ ರೀಬಾಲ್ ಎನ್ನುತ್ತಾರೆ. ಕಿತ್ತುಹೋದ ಲೈನಿದ್ದರೆ ತಲೆಗೂದಲಿನಂಥ ತಂತಿಯಿಂದ ಜಂಪರ್ ಎಳೆಯುತ್ತಾರೆ. ಸರ್ಟಿಫಿಕೇಟಿಗಿಂತ ಕೈಯ ಸ್ಥಿರತೆಯೇ ಮುಖ್ಯವಾದ ಈ ಕೆಲಸವನ್ನು ಕುಶಲಕಲೆ ಎನ್ನಲು ನನಗೆ ಸಂಕೋಚವಿಲ್ಲ.

ಈ ಕಲೆಗೆ ಮಿತಿಯೂ ಇದೆ. ಐಫೋನಿನ ಬೇಸ್‌ಬ್ಯಾಂಡ್ ಚಿಪ್ ಆ ಬೋರ್ಡಿನ ಸಿಪಿಯುಗೆ ಕಟ್ಟಿಬಿದ್ದಿರುತ್ತದೆ. ಬೇರೆ ಫೋನಿನದನ್ನು ತಂದು ಕೂರಿಸಿದರೆ ಅದು ಒಪ್ಪುವುದಿಲ್ಲ. ಮೂಲ ಚಿಪ್ಪೇ ಸತ್ತಿದ್ದರೆ ಒಳ್ಳೆಯ ರಿಪೇರಿಯವರು ಅದನ್ನು ನೇರವಾಗಿ ಹೇಳುತ್ತಾರೆ. ‘ಹೊಸ ಐಎಂಇಐ ಹಾಕಿಕೊಡುತ್ತೇನೆ’ ಎನ್ನುವವರಿಂದ ದೂರವಿರಿ. ರಿಪೇರಿಯಲ್ಲಿ ಹಳೆಯ ಸಂಖ್ಯೆಯೇ ಮರಳಬೇಕು. ಭಾರತದಲ್ಲಿ ಐಎಂಇಐ ತಿದ್ದಿದರೆ 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಊರಿಗೆ ತಂದು ಅಣ್ಣತಮ್ಮಂದಿರಿಗೆ ಕೊಡುವ ಹಳೆಯ ಫೋನಿನ ವಿಷಯದಲ್ಲೂ ಇದು ನೆನಪಿರಲಿ.

ಬ್ಯಾಟರಿಯಂಥ ಸಣ್ಣ ತೊಂದರೆಗೆ 2013ರಿಂದ ನಡೆಯುತ್ತಿರುವ ರಿಪೇರ್ ಕೆಫೆ ಟೊರೊಂಟೊದ ಸ್ವಯಂಸೇವಕರನ್ನು ಕೇಳಬಹುದು. ಬೆಂಗಳೂರಿನಲ್ಲೂ ಇಂಥ ಕೆಫೆ 2015ರಲ್ಲಿ ಶುರುವಾಯಿತು. ಬೇಸ್‌ಬ್ಯಾಂಡ್ ಕೆಲಸಕ್ಕೆ ಮಾತ್ರ ಅಂಗಡಿಯೇ ಬೇಕು. ರಿಪೇರಿಗಾಗಿ ಡಿಜಿಟಲ್ ಬೀಗ ಮುರಿಯಲು ಅವಕಾಶ ಕೊಡುವ ಸಿ-244 ಮಸೂದೆ ಕೆನಡಾದಲ್ಲಿ 2024ರ ನವೆಂಬರ್‌ನಲ್ಲಿ ಕಾನೂನಾಯಿತು. ಆದರೆ ಬಿಡಿಭಾಗ, ಸರ್ಕ್ಯೂಟ್ ನಕ್ಷೆಗಳನ್ನು ಕೊಡಲೇಬೇಕೆಂದು ಅದು ಕಂಪನಿಗಳಿಗೆ ಹೇಳಿಲ್ಲ. ಹೇಳಬೇಕಿತ್ತು.

ಫೋನ್ ಚೆನ್ನಾಗಿರುವಾಗಲೇ *#06# ಒತ್ತಿ, ಬರುವ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. ಎರಡು ಸಿಮ್ ಇದ್ದರೆ ಎರಡು ಸಂಖ್ಯೆ ಬರುತ್ತವೆ. ರಿಪೇರಿಯಿಂದ ಬಂದ ಫೋನಿನಲ್ಲಿ ಅದೇ ಸಂಖ್ಯೆ ಇದೆಯೇ ಎಂದು ನೋಡಿದ ಮೇಲೆ ಹಣ ಕೊಡಿ.